ಐಎಸ್-ಎಲ್‌ಎಂ ಚಿತ್ರ ಬಿಡಿಸ್ಲಿಕ್ಕೆ ಬರ್ತದೆ, ಯಾಕೆ ಅಂತ ಕೇಳಿದ್ರೆ ಬಾಯಿ ಕಟ್ತದೆ (ಬಿಎ ನಾಲ್ಕನೇ ಸೆಮಿಸ್ಟರ್, ಸಮಗ್ರ ಅರ್ಥಶಾಸ್ತ್ರ)

ಕಾರ್ಕಳದವಳು · ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿಎ ಓದ್ತಿದ್ದೇನೆ. ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಮೊದಲ ವರ್ಷದಲ್ಲಿ ರಾಷ್ಟ್ರೀಯ ಆದಾಯ, ಕೇನ್ಸ್‌ನ ಗುಣಕ (ಖರ್ಚು ಹೆಚ್ಚಾದರೆ ಆದಾಯ ಅದರ ಎಷ್ಟು ಪಟ್ಟು ಏರುತ್ತದೆ ಅನ್ನುವುದು) ಎಲ್ಲ ಚೆನ್ನಾಗಿ ಅರ್ಥ ಆಗಿತ್ತು. ಈ ಸಲ ಐಎಸ್-ಎಲ್‌ಎಂ (ಸರಕಿನ ಮಾರುಕಟ್ಟೆಗೆ ಐಎಸ್, ಹಣದ ಮಾರುಕಟ್ಟೆಗೆ ಎಲ್‌ಎಂ ಅಂತ ಎರಡು ಗೆರೆ ಎಳೆದು ಬಡ್ಡಿ, ಆದಾಯ ಕಂಡುಹಿಡಿಯುವ ಮಾದರಿ) ಶುರುವಾದ ಮೇಲೆ ಕೆಸರಲ್ಲಿ ಕಾಲು ಹೂತ ಹಾಗೆ ಆಗಿದೆ.

ಮೊನ್ನೆ ಇಂಟರ್ನಲ್ ಪರೀಕ್ಷೆಯಲ್ಲಿ ಪ್ರಶ್ನೆ ಹೀಗಿತ್ತು: ಹಣದ ಪೂರೈಕೆ ಸ್ಥಿರವಾಗಿದ್ದು ಸರ್ಕಾರಿ ವೆಚ್ಚ ಹೆಚ್ಚಾದರೆ ಬಡ್ಡಿದರ ಮತ್ತು ಖಾಸಗಿ ಹೂಡಿಕೆಗೆ ಏನಾಗುತ್ತದೆ, ವಿವರಿಸಿ. ನಾನು ಐಎಸ್ ರೇಖೆಯನ್ನು ಬಲಕ್ಕೆ ಸರಿಸಿದೆ, ಬಡ್ಡಿ ಏರಿತು, ಹೂಡಿಕೆ ಇಳಿಯಿತು ಅಂತ ಬರೆದೆ. ಚಿತ್ರಕ್ಕೆ ಪೂರ್ತಿ ಅಂಕ ಸಿಕ್ಕಿತು. ವಿವರಣೆಯ ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ "ಯಾಕೆ?" ಅಂತ ಒಂದೇ ಪದ ಬರೆದಿದ್ದರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಗೆರೆ ಸರಿಯಿತು, ಹಾಗಾಗಿ ಬಡ್ಡಿ ಏರಿತು, ಅಷ್ಟೇ ನನಗೆ ಗೊತ್ತಿರುವುದು. ಬಡ್ಡಿಯನ್ನು ಏರಿಸಿದ್ದು ಯಾರು? ಪೇಪರಿನಲ್ಲಿ ನೋಡಿದರೆ ಬಡ್ಡಿ ನಿರ್ಧರಿಸುವುದು ರಿಸರ್ವ್ ಬ್ಯಾಂಕ್. ಪುಸ್ತಕದ ಕಥೆಯಲ್ಲಿ ರಿಸರ್ವ್ ಬ್ಯಾಂಕ್ ಸುಮ್ಮನೆ ಕೂತಿರುತ್ತದೆ, ಬಡ್ಡಿ ತನ್ನಷ್ಟಕ್ಕೆ ಏರುತ್ತದೆ.

ದಿನಾ ಬೆಳಿಗ್ಗೆ ಬಸ್ಸಲ್ಲಿ ಇದೇ ಚಿತ್ರ ಬಿಡಿಸಿ ಬಿಡಿಸಿ ಒಂದು ನೋಟ್ ಪುಸ್ತಕ ಮುಗಿಯಿತು. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಚಾಕ್‌ಪೀಸ್ · ಭಾನುವಾರ, ರಾತ್ರಿ 10.25

ನಾನು ಇದೇ ಪತ್ರಿಕೆಯನ್ನು ಹಲವು ವರ್ಷ ಪಾಠ ಮಾಡಿದ್ದೇನೆ. ನಿಮ್ಮ ಮೇಡಂ ಆ ಒಂದು ಪದ ಬರೆದದ್ದು ನಿಮ್ಮ ಭಾಗ್ಯ. ಎಷ್ಟೋ ಕಡೆ ಚಿತ್ರ ನೋಡಿ ಅಂಕ ಕೊಟ್ಟು ಮುಂದೆ ಹೋಗುತ್ತಾರೆ.

ಎರಡು ದಿನ ಚಿತ್ರ ಬಿಡಿಸಬೇಡಿ. "ಯಾರು, ಏನು ಮಾಡಿದರು" ಅಂತ ವಾಕ್ಯ ಬರೆಯಿರಿ. ರೇಖೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಕೆಲಸ ಮಾಡುವವರು ಜನ.

ಸರ್ಕಾರ ಹೆಚ್ಚು ಖರ್ಚು ಮಾಡಿತು. ಗುತ್ತಿಗೆದಾರನಿಗೆ, ಕೂಲಿಯವನಿಗೆ, ಅಂಗಡಿಯವನಿಗೆ ಆದಾಯ ಬಂತು. ಆದಾಯ ಹೆಚ್ಚಾದವರು ದಿನದ ವ್ಯವಹಾರಕ್ಕೆ ಕೈಯಲ್ಲಿ, ಉಳಿತಾಯ ಖಾತೆಯಲ್ಲಿ ಹೆಚ್ಚು ಹಣ ಇಟ್ಟುಕೊಳ್ಳಲು ಬಯಸುತ್ತಾರೆ. ಆದರೆ ಊರಲ್ಲಿರುವ ಒಟ್ಟು ಹಣ ಅಷ್ಟೇ ಇದೆ, ಪ್ರಶ್ನೆಯಲ್ಲೇ ಸ್ಥಿರ ಅಂದಿದ್ದಾರೆ. ಹಾಗಾದರೆ ಹೆಚ್ಚಿನ ಹಣ ಎಲ್ಲಿಂದ ತರಬೇಕು? ತಮ್ಮಲ್ಲಿರುವ ಬಾಂಡನ್ನು, ಅಂದರೆ ಬಡ್ಡಿ ಕೊಡುವ ಸಾಲಪತ್ರವನ್ನು, ಮಾರಲು ನೋಡುತ್ತಾರೆ. ಎಲ್ಲರೂ ಮಾರಲು ಹೊರಟರೆ ಬಾಂಡಿನ ಬೆಲೆ ಬೀಳುತ್ತದೆ. ವರ್ಷಕ್ಕೆ 100 ರೂಪಾಯಿಯಂತೆ ಎಂದೆಂದಿಗೂ ಕೊಡುವ ಬಾಂಡ್ ಒಂದಿದೆ ಅಂದುಕೊಳ್ಳಿ. ಅದು 2000ಕ್ಕೆ ಸಿಕ್ಕರೆ ಬಡ್ಡಿ ಶೇ. 5. ಬೆಲೆ 1818ಕ್ಕೆ ಬಿದ್ದರೆ ಅದೇ 100 ರೂಪಾಯಿ ಈಗ ಶೇ. 5.5 ಆಯಿತು. ಬಾಂಡಿನ ಬೆಲೆ ಬಿತ್ತು ಅನ್ನುವುದೂ ಬಡ್ಡಿ ಏರಿತು ಅನ್ನುವುದೂ ಒಂದೇ ಮಾತು. ಇನ್ನಷ್ಟು ಬಡ್ಡಿ ಸಿಗುತ್ತದೆ ಅಂತ ಕೆಲವರು ಹಣ ಬಿಟ್ಟು ಬಾಂಡ್ ಹಿಡಿಯಲು ಒಪ್ಪುವ ತನಕ ಇದು ನಡೆಯುತ್ತದೆ. ಬಡ್ಡಿಯನ್ನು ಏರಿಸಿದ್ದು ಇವರೆಲ್ಲ ಸೇರಿ.

ಆ ಏರಿದ ಬಡ್ಡಿ ನೋಡಿ ಗೋಡಂಬಿ ಕಾರ್ಖಾನೆಯವನೊಬ್ಬ ಹೊಸ ಯಂತ್ರದ ಸಾಲವನ್ನು ಮುಂದಕ್ಕೆ ಹಾಕಿದ. ಖಾಸಗಿ ಹೂಡಿಕೆ ಇಳಿಯುವುದು ಅಂದರೆ ಇದು.

ಈಗ ಅಂಕೆಯಲ್ಲಿ ನೋಡಿ, ಎಲ್ಲವೂ ಕೋಟಿಯಲ್ಲಿ. ಅನುಭೋಗ (ಜನ ಸರಕು, ಸೇವೆಗೆ ಮಾಡುವ ಖರ್ಚು) 120, ಅದರ ಮೇಲೆ ತೆರಿಗೆ ಕಳೆದ ಆದಾಯದ 0.8 ಪಾಲು. ತೆರಿಗೆ 100, ಸರ್ಕಾರಿ ವೆಚ್ಚ 150. ಹೂಡಿಕೆ 130, ಅದರಲ್ಲಿ ಪ್ರತಿ ಶೇಕಡಾ ಬಡ್ಡಿಗೆ 20ರಂತೆ ಕಳೆಯಿರಿ. ಹಣದ ಬೇಡಿಕೆ ಆದಾಯದ ಅರ್ಧ, ಅದರಲ್ಲಿ ಬಡ್ಡಿಯ 50 ಪಟ್ಟು ಕಳೆಯಿರಿ. ಹಣದ ಪೂರೈಕೆ 300, ಬೆಲೆಮಟ್ಟ ಬದಲಾಗುವುದಿಲ್ಲ. ಐಎಸ್ ಕಡೆಯಿಂದ ಆದಾಯ 1600 ಕಳೆ 100 ಪಟ್ಟು ಬಡ್ಡಿ. ಎಲ್‌ಎಂ ಕಡೆಯಿಂದ 600 ಕೂಡು 100 ಪಟ್ಟು ಬಡ್ಡಿ. ಬಡ್ಡಿ 5, ಆದಾಯ 1100.

ಸರ್ಕಾರಿ ವೆಚ್ಚ 20 ಹೆಚ್ಚಿಸಿ. ಮೊದಲ ವರ್ಷದಲ್ಲಿ ಕಲಿತ ಗುಣಕ 5, ಹಾಗಾಗಿ ಆದಾಯ 100 ಏರಬೇಕಿತ್ತು. ಲೆಕ್ಕ ಬಿಡಿಸಿದರೆ ಬಡ್ಡಿ 5.5, ಆದಾಯ 1150. ಏರಿದ್ದು 50 ಮಾತ್ರ. ಹೂಡಿಕೆ 30ರಿಂದ 20ಕ್ಕೆ ಇಳಿಯಿತು. ಉಳಿದ 50 ಎಲ್ಲಿ ಹೋಯಿತು ಅಂತ ಹುಡುಕಿದರೆ ಇಡೀ ಅಧ್ಯಾಯ ಅಲ್ಲೇ ಇದೆ.

ಕಾರ್ಕಳದವಳು · ಸೋಮವಾರ, ಬೆಳಿಗ್ಗೆ 7.30

ಚಾಕ್‌ಪೀಸ್ ಮೇಡಂ, ಬಾಂಡಿನ ವಾಕ್ಯ ಓದಿದ ಮೇಲೆ ಲೆಕ್ಕ ಮೂರು ಸಲ ಬಿಡಿಸಿದೆ. ಅನುಭೋಗ 40 ಏರಿತು, ಸರ್ಕಾರ 20, ಹೂಡಿಕೆ 10 ಇಳಿಯಿತು, ಒಟ್ಟು 50. ಕೂಡಿ ಬಂತು! ನಮಗೆ ನೋಟ್ಸ್‌ನಲ್ಲಿ ಬಾಂಡ್ ಅನ್ನುವ ಪದವೇ ಇರಲಿಲ್ಲ, ನೇರ "ಹಣದ ಬೇಡಿಕೆ ಏರುವುದರಿಂದ ಬಡ್ಡಿ ಏರುತ್ತದೆ" ಅಂತ ಇತ್ತು.

ಕೊಣಾಜೆ ಗುಡ್ಡೆ · ಸೋಮವಾರ, ಬೆಳಿಗ್ಗೆ 11.05

ಎಂಎ ಎರಡನೇ ವರ್ಷ. ಚಾಕ್‌ಪೀಸ್ ಮೇಡಂ ಹೇಳಿದ್ದಕ್ಕೆ ಒಂದು ತಕರಾರು ಉಂಟು, ಗೌರವದಿಂದಲೇ ಹೇಳ್ತೇನೆ.

ಬಡ್ಡಿ ನಿರ್ಧರಿಸುವುದು ರಿಸರ್ವ್ ಬ್ಯಾಂಕ್ ಅಲ್ವಾ ಅನ್ನುವ ತಂಗಿಯ ಎರಡನೇ ಪ್ರಶ್ನೆ ನಿಜವಾದ ಪ್ರಶ್ನೆ, ಅದನ್ನು ದಾಟಿಸಿ ಹೋಗಬಾರದು. ಈಗಿನ ರಿಸರ್ವ್ ಬ್ಯಾಂಕ್ ಹಣವನ್ನು 300 ಅಂತ ಹಿಡಿದು ಕೂತುಕೊಳ್ಳುವುದಿಲ್ಲ. 2016ರ ಕಾನೂನು ತಿದ್ದುಪಡಿ ಆದ ಮೇಲೆ ಹಣದುಬ್ಬರದ ಗುರಿ ಶೇ. 4, ಮೇಲೆ ಕೆಳಗೆ 2ರ ಅಂತರ. ಆರು ಜನರ ಸಮಿತಿ ಕೂತು ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಗೊತ್ತುಮಾಡ್ತದೆ. ಆ ದರಕ್ಕೆ ಎಷ್ಟು ಹಣ ಬೇಕಾಗ್ತದೋ ಅಷ್ಟನ್ನು ಒದಗಿಸ್ತದೆ. ಹಾಗಾದರೆ ಎಲ್‌ಎಂ ರೇಖೆ ಮೇಲಕ್ಕೆ ಓರೆಯಾಗಿ ಯಾಕಿರಬೇಕು? ಬಡ್ಡಿ 5 ಅಂತ ಮಟ್ಟಸ ಗೆರೆ ಎಳೆದರೆ ಮುಗೀತು.

ಮೇಡಂ ಕೊಟ್ಟ ಅಂಕೆಯಲ್ಲೇ ನೋಡಿ. ಸರ್ಕಾರ 20 ಹೆಚ್ಚಿಸಿತು, ಬಡ್ಡಿಯನ್ನು 5ರಲ್ಲೇ ಹಿಡಿದರು. ಆದಾಯ 1200. ಮೊದಲ ವರ್ಷದ ಗುಣಕ ಪೂರ್ತಿ ವಾಪಸ್ ಬಂತು, ಹೂಡಿಕೆ 30ರಲ್ಲೇ ಉಂಟು. ಅದಕ್ಕೆ ಬೇಕಾದ ಹಣ ಲೆಕ್ಕ ಹಾಕಿ: 600 ಕಳೆ 250, ಅಂದರೆ 350. ರಿಸರ್ವ್ ಬ್ಯಾಂಕ್ 50 ಹೆಚ್ಚು ಒದಗಿಸಿದೆ.

ಆದರೆ ಹಣದುಬ್ಬರ ಗುರಿ ದಾಟಿದಾಗ ಸಮಿತಿ ಸುಮ್ಮನಿರುವುದಿಲ್ಲ. 2020ರ ಮೇಯಲ್ಲಿ ರೆಪೊ ಶೇ. 4ಕ್ಕೆ ಬಂದಿತ್ತು. 2022ರ ಮೇಯಿಂದ ಏರಿಸುತ್ತಾ 2023ರ ಫೆಬ್ರವರಿಗೆ 6.5 ಮಾಡಿದರು. ಆಗ ನಮ್ಮ ಮನೆಯ ಗೃಹಸಾಲದ ಕಂತು ಏರಿದ್ದು ನನಗೆ ಚೆನ್ನಾಗಿ ನೆನಪುಂಟು, ಅಪ್ಪ ಬ್ಯಾಂಕಿನ ಮೆಸೇಜ್ ತೋರಿಸಿ ಎಂತ ಇದು ಅಂತ ಕೇಳಿದ್ದರು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ಹೊರಗಿನ ಒಂದು ದರಕ್ಕೆ ಕಟ್ಟಿಕೊಂಡಿರ್ತವೆ, ಹೆಚ್ಚಿನವು ರೆಪೊಗೆ. ಹಾಗಾಗಿ ಸುದ್ದಿ ಮನೆಯ ತನಕ ಬೇಗ ಬರ್ತದೆ.

ಪಿಗ್ಮಿ ಪುಸ್ತಕ · ಸೋಮವಾರ, ಸಂಜೆ 6.40

ಬ್ಯಾಂಕಲ್ಲಿ 36 ವರ್ಷ ದುಡಿದು ಈಗ ಉಡುಪಿಯಲ್ಲಿ ಮನೆಯಲ್ಲಿದ್ದೇನೆ. ಅರ್ಥಶಾಸ್ತ್ರದ ಡಿಗ್ರಿ ಇಲ್ಲ, ಲೆಡ್ಜರ್ ಗೊತ್ತುಂಟು. ಕೊಣಾಜೆಯವರು ಹೇಳಿದ "ಒದಗಿಸ್ತದೆ" ಅನ್ನುವ ಮಾತಿನ ಹಿಂದೆ ಎಂತ ಉಂಟು ಅಂತ ಮಗಳಿಗೆ ಹೇಳ್ಬೇಕು ಅನ್ನಿಸಿತು.

ನಮ್ಮ ಜಿಲ್ಲೆ ಈ ಪಾಠ ಕಲೀಲಿಕ್ಕೆ ಎಷ್ಟು ಒಳ್ಳೆಯ ಜಾಗ ಅಂತ ಮಕ್ಕಳಿಗೆ ಗೊತ್ತಿಲ್ಲ. 1906ರಲ್ಲಿ ಮಂಗಳೂರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದರು. ಏಜೆಂಟ್ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹ ಮಾಡುದು. ಮೀನು ಮಾರುವ ಹೆಂಗಸು, ನೇಕಾರ, ಸಣ್ಣ ಅಂಗಡಿಯವ, ಇವರ ಉಳಿತಾಯ ಮತ್ತೊಬ್ಬನ ಹೂಡಿಕೆಗೆ ಹೋಗುವ ದಾರಿ ಅದು. ಐಎಸ್ ಅಂದರೆ ಹೂಡಿಕೆ ಮತ್ತು ಉಳಿತಾಯ ಅಂತ ನನ್ನ ಮೊಮ್ಮಗ ಹೇಳಿದಾಗ ನನಗೆ ಮೊದಲು ಕಂಡದ್ದು ಆ ಸಣ್ಣ ಪುಸ್ತಕ.

ಆದರೆ ಒಂದು ವಿಷಯದಲ್ಲಿ ಪುಸ್ತಕ ಅರ್ಧ ಮಾತ್ರ ಹೇಳ್ತದೆ. ಮೊದಲು ಠೇವಣಿ ಬರ್ತದೆ, ಅದರಲ್ಲಿ ಸ್ವಲ್ಪ ಮೀಸಲಿಟ್ಟು ಉಳಿದದ್ದನ್ನು ಸಾಲ ಕೊಡ್ತಾರೆ ಅಂತ ಬರೆದಿರ್ತಾರೆ. ಕೌಂಟರಿನ ಈಚೆ ಕೂತವನಿಗೆ ಕಾಣುದು ಬೇರೆ. ಬೋಟಿನ ಎಂಜಿನಿಗೆ ಅಂತ ಒಬ್ಬರಿಗೆ ಒಂದು ಲಕ್ಷ ಮಂಜೂರಾಯಿತು. ನಾನು ಎಂತ ಮಾಡ್ತೇನೆ? ಸಾಲದ ಖಾತೆಗೆ ಒಂದು ಲಕ್ಷ ಖರ್ಚು, ಅವರ ಉಳಿತಾಯ ಖಾತೆಗೆ ಒಂದು ಲಕ್ಷ ಜಮೆ. ಬೇರೆ ಯಾವ ಗಿರಾಕಿಯ ಖಾತೆಯಿಂದಲೂ ಒಂದು ಪೈಸೆ ಕಡಿಮೆ ಆಗಲಿಲ್ಲ. ಆ ಗಳಿಗೆಯಲ್ಲಿ ಊರಲ್ಲಿ ಒಂದು ಲಕ್ಷ ಹೊಸ ಹಣ ಹುಟ್ಟಿತು. ಹಾಗಂತ ಮನಸ್ಸು ಬಂದಷ್ಟು ಹುಟ್ಟಿಸ್ಲಿಕ್ಕೆ ಆಗುದಿಲ್ಲ. ಅವರು ಎಂಜಿನ್ ಅಂಗಡಿಗೆ ಚೆಕ್ ಕೊಟ್ಟರು, ಅಂಗಡಿಯ ಖಾತೆ ಬೇರೆ ಬ್ಯಾಂಕಲ್ಲಿ. ಕ್ಲಿಯರಿಂಗಲ್ಲಿ ನಾವು ಆ ಬ್ಯಾಂಕಿಗೆ ರಿಸರ್ವ್ ಬ್ಯಾಂಕಲ್ಲಿರುವ ನಮ್ಮ ಖಾತೆಯಿಂದ ಕೊಡ್ಬೇಕು. ಅಲ್ಲಿ ಕಡಿಮೆ ಬಿದ್ದರೆ ಸಾಲ ತರಬೇಕು, ಅದಕ್ಕೆ ಬಡ್ಡಿ. ಆ ಬಡ್ಡಿಯ ಹಿಡಿಕೆ ಇರುದು ರಿಸರ್ವ್ ಬ್ಯಾಂಕಿನ ಕೈಯಲ್ಲಿ.

ಚಾಕ್‌ಪೀಸ್ · ಸೋಮವಾರ, ರಾತ್ರಿ 9.50

ಕೊಣಾಜೆಯವರ ತಕರಾರು ಸರಿ. ಪಿಗ್ಮಿ ಪುಸ್ತಕದವರ ಲೆಡ್ಜರನ್ನು ನಾಳೆ ನನ್ನ ತರಗತಿಯಲ್ಲಿ ಬೋರ್ಡ್ ಮೇಲೆ ಬರೆಯುತ್ತೇನೆ.

ಆದರೂ ಓರೆ ಎಲ್‌ಎಂ ಹಳತಾಯಿತು, ಬಿಟ್ಟುಬಿಡಿ ಅನ್ನುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕೇನ್ಸ್ 1936ರಲ್ಲಿ ಹೇಳಿದ್ದನ್ನು ಹಿಕ್ಸ್ 1937ರಲ್ಲಿ ಎರಡು ಗೆರೆಗಳಿಗೆ ಇಳಿಸಿದಾಗ ಕೇಳಿದ್ದು ಒಂದೇ ಪ್ರಶ್ನೆ: ಸರಕಿನ ಮಾರುಕಟ್ಟೆಯೂ ಹಣದ ಮಾರುಕಟ್ಟೆಯೂ ಒಟ್ಟಿಗೆ ಸಮತೋಲನಕ್ಕೆ ಬರುವುದು ಎಲ್ಲಿ? ಕೇಂದ್ರ ಬ್ಯಾಂಕ್ ಏನನ್ನು ಸ್ಥಿರ ಹಿಡಿಯುತ್ತದೆ ಅನ್ನುವುದು ಬದಲಾಗಬಹುದು. ಹಣ ಹಿಡಿದರೆ 1150, ಬಡ್ಡಿ ಹಿಡಿದರೆ 1200. ಎರಡೂ ಲೆಕ್ಕ ಬಂದವನಿಗೆ ಮಾತ್ರ ಈ ಎರಡರ ನಡುವಿನ 50 ಕೋಟಿ ಕೇಂದ್ರ ಬ್ಯಾಂಕಿನ ನಿರ್ಧಾರದಿಂದ ಬಂದದ್ದು ಅಂತ ಕಾಣುತ್ತದೆ. ಮಟ್ಟಸ ಗೆರೆ ಮಾತ್ರ ಕಲಿತವನಿಗೆ ಅದು ಕಾಣುವುದಿಲ್ಲ.

ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ "ಹಣದ ಪೂರೈಕೆ ಸ್ಥಿರವಾಗಿದ್ದು" ಅನ್ನುವ ಮೂರು ಪದಗಳ ಕೆಳಗೆ ಗೆರೆ ಎಳೆಯಿರಿ. ಅರ್ಧ ಉತ್ತರ ಅಲ್ಲಿದೆ.

ಮಲ್ಪೆ ಬಂದರು · ಮಂಗಳವಾರ, ಮಧ್ಯಾಹ್ನ 1.15

ನಾನು ಬಿಕಾಂ, ನಮ್ಮದು ಮೀನುಗಾರಿಕೆಯ ಮನೆ. ಗುಣಕದ ಬಗ್ಗೆ ಒಂದು ಮಾತು. ಮೇಡಂ ಲೆಕ್ಕದಲ್ಲಿ 5 ಬಂತು. ನಮ್ಮ ಊರಲ್ಲಿ ಹಾಗೆ ಬರುದಿಲ್ಲ. ಒಳ್ಳೆ ಬಂಗುಡೆ ಸಿಕ್ಕಿ ಕೈತುಂಬ ದುಡ್ಡಾದ್ರೆ ಅದು ಡೀಸೆಲಿಗೆ, ಬಲೆಗೆ, ಎಂಜಿನಿಗೆ ಹೋಗ್ತದೆ, ಅವೆಲ್ಲ ಹೊರಗಿಂದ ಬರುವಂಥದ್ದು. ಹೆಚ್ಚಿದ ಪ್ರತಿ ರೂಪಾಯಿಯಲ್ಲಿ ಉಳಿತಾಯದ 20 ಪೈಸೆ ಅಲ್ಲದೆ 30 ಪೈಸೆ ಹೀಗೆ ಊರಿನ ಹೊರಗೆ ಹೋದ್ರೆ ಗುಣಕ ಒಂದನ್ನು 0.5ರಿಂದ ಭಾಗಿಸಿದಷ್ಟು, ಅಂದ್ರೆ 2. ಆಮದಿನ ಸೋರಿಕೆ ಅಂತ ನಮ್ಮ ಸರ್ ಹೇಳಿದಾಗ ನಂಗೆ ತಕ್ಷಣ ಹೊಳೆದದ್ದು ಡೀಸೆಲ್ ಬಂಕ್.

ಮತ್ತೆ ಅನುಭೋಗ ಸಿದ್ಧಾಂತದ ಅಧ್ಯಾಯ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆದಾಯ ಸೊನ್ನೆ. ಕೇನ್ಸ್‌ನ ಸಮೀಕರಣ ಹಾಗೇ ಹಾಕಿದ್ರೆ ನಮ್ಮ ಊಟವೂ ಪಾತಾಳಕ್ಕೆ ಇಳೀಬೇಕು. ಇಳಿಯುದಿಲ್ಲ. ಯಾಕೆಂದ್ರೆ ಆಗಸ್ಟಲ್ಲಿ ದುಡಿಮೆ ಬರ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು, ಅದಕ್ಕೆ ಮೊದಲೇ ಎತ್ತಿಟ್ಟಿರ್ತಾರೆ. ಫ್ರೀಡ್‌ಮನ್ 1957ರಲ್ಲಿ ಹೇಳಿದ ಶಾಶ್ವತ ಆದಾಯ ಇದೇ ಅಲ್ವಾ? ಜನ ಈ ತಿಂಗಳ ಆದಾಯ ನೋಡಿ ಖರ್ಚು ಮಾಡುದಿಲ್ಲ, ಸರಾಸರಿಯಲ್ಲಿ ಎಷ್ಟು ಬರ್ತದೆ ಅಂತ ನೋಡ್ತಾರೆ. ಆದ್ರೆ ಬೋಟಲ್ಲಿ ದುಡಿಯುವ ಎಲ್ಲರಿಗೂ ಹಾಗೆ ಎತ್ತಿಡ್ಲಿಕ್ಕೆ ಆಗುದಿಲ್ಲ. ಅಂಗಡಿಯವ ಸಾಲ ಬರೆದುಕೊಂಡ್ರೆ ಮಾತ್ರ ಅವರ ಜುಲೈ ದಾಟ್ತದೆ. ಸಾಲ ಹುಟ್ಟದವನಿಗೆ ಕೇನ್ಸ್, ಹುಟ್ಟುವವನಿಗೆ ಫ್ರೀಡ್‌ಮನ್ ಅಂತ ನಾನು ಉತ್ತರಪತ್ರಿಕೆಯಲ್ಲಿ ಬರೆದೆ, ಸರ್ ಪಕ್ಕದಲ್ಲಿ ಸರಿ ಗುರುತು ಹಾಕಿದ್ರು.

ಆ ಎರಡು ತಿಂಗಳು ಬೋಟು ದಡಕ್ಕೆ ಎಳೆದು ರಿಪೇರಿ ಮಾಡ್ತೇವೆ, ಬಣ್ಣ ಬಳೀತೇವೆ. ದೇಶದ ಬೆಳವಣಿಗೆ ಬಗ್ಗೆ ಓದುವ ಸೊಲೊ ಮಾದರಿಯಲ್ಲಿ ಸವಕಳಿ (ಯಂತ್ರ, ಕಟ್ಟಡ ಸವೆಯುದು) ಅಂದ್ರೆ ಅದು. ವರ್ಷದ ಉಳಿತಾಯ ಪೂರ್ತಿ ಹಳೆ ಬೋಟಿನ ರಿಪೇರಿಗೇ ಸರಿಹೋದ್ರೆ ಹೊಸ ಬೋಟು ಬರುದಿಲ್ಲ. ಸ್ಥಿರ ಸ್ಥಿತಿ ಅಂದ್ರೆ ಎಂತ ಅಂತ ನಂಗೆ ಅರ್ಥ ಆದದ್ದು ಹಾಗೆ.

ದೇರಳಕಟ್ಟೆ · ಮಂಗಳವಾರ, ಸಂಜೆ 4.30

ಒಂದು ಸಣ್ಣ ಸಂಶಯ. ನನ್ನ ಅಪ್ಪ 15 ವರ್ಷದಿಂದ ದುಬೈಯಲ್ಲಿ. ಅವರು ಕಳಿಸುವ ಹಣ ಭಾರತದ ಜಿಡಿಪಿಯಲ್ಲಿ ಬರ್ತದಾ? ತರಗತಿಯಲ್ಲಿ ಅರ್ಧ ಜನ ಬರ್ತದೆ ಅಂದ್ರು.

ಕೊಣಾಜೆ ಗುಡ್ಡೆ · ಮಂಗಳವಾರ, ಸಂಜೆ 5.20

ಬರುದಿಲ್ಲ. ಅಪ್ಪ ಅಲ್ಲಿಯ ನಿವಾಸಿ, ಅವರ ದುಡಿಮೆ ಅಲ್ಲಿಯ ಜಿಡಿಪಿಯಲ್ಲಿ. ಮನೆಗೆ ಕಳಿಸುವುದು ವರ್ಗಾವಣೆ, ಪಾವತಿ ಶೇಷದ (ಹೊರದೇಶಗಳ ಜೊತೆಗಿನ ಕೊಡುಕೊಳ್ಳುವಿಕೆಯ ಲೆಕ್ಕ) ಚಾಲ್ತಿ ಖಾತೆಯಲ್ಲಿ ಕಾಣಿಸ್ತದೆ. ಜಿಡಿಪಿಯಲ್ಲೂ ಇಲ್ಲ, ರಾಷ್ಟ್ರೀಯ ಆದಾಯದಲ್ಲೂ ಇಲ್ಲ. ಆದರೆ ಅದೇ ಹಣದಲ್ಲಿ ನೀವು ಇಲ್ಲಿ ಮನೆ ಕಟ್ಟಿಸಿದರೆ ಕೆಂಪುಕಲ್ಲು ಕಡಿದವನ, ಗಾರೆಯವನ ದುಡಿಮೆ ಈ ವರ್ಷದ ಜಿಡಿಪಿಗೆ ಸೇರ್ತದೆ.

ಇದು ಬರೆಯುವಾಗ ನೆನಪಾಯಿತು, ಕಾರ್ಕಳದ ತಂಗಿಗೆ ಹೇಳ್ಬೇಕಾದ ಮುಖ್ಯ ವಿಷಯ ಇನ್ನೊಂದು ಉಂಟು. ನಾನೂ ಕನ್ನಡ ಮಾಧ್ಯಮ. ನನಗೆ ತೊಂದರೆ ಕೊಟ್ಟದ್ದು ಇಂಗ್ಲಿಷ್ ಪದಗಳಿಗಿಂತ ಹೆಚ್ಚಾಗಿ ನನಗೆ ಗೊತ್ತುಂಟು ಅಂತ ಅಂದುಕೊಂಡ ಕನ್ನಡ ಪದಗಳು.

"ದುಡ್ಡು" ನೋಡಿ. "ಅವರ ಹತ್ರ ದುಡ್ಡುಂಟು" ಅಂದರೆ ನಾವು ತೋಟ, ಚಿನ್ನ, ಮನೆ ಎಲ್ಲ ಸೇರಿಸಿ ಹೇಳ್ತೇವೆ, ಅದು ಸಂಪತ್ತು. "ಅವನಿಗೆ ಒಳ್ಳೆ ದುಡ್ಡು ಬರ್ತದೆ" ಅಂದರೆ ಆದಾಯ. ಸಮಗ್ರ ಅರ್ಥಶಾಸ್ತ್ರದಲ್ಲಿ ಹಣ ಅಂದರೆ ಕೈಯಲ್ಲಿರುವ ನೋಟು ಮತ್ತು ಬೇಕಾದಾಗ ತೆಗೆಯಬಹುದಾದ ಬ್ಯಾಂಕ್ ಜಮೆ ಮಾತ್ರ. ಈ ಮೂರು ಬೇರೆ ಅಂತ ತಿಳಿಯುವ ತನಕ "ಬಡ್ಡಿ ಏರಿದರೆ ಹಣದ ಬೇಡಿಕೆ ಇಳಿಯುತ್ತದೆ" ಅನ್ನುವ ವಾಕ್ಯ ನನಗೆ ಹುಚ್ಚು ಮಾತಿನ ಹಾಗೆ ಕಾಣ್ತಿತ್ತು. ಹಣ ಯಾರಿಗೆ ಬೇಡ? ಒಂದಿಡೀ ಸೆಮಿಸ್ಟರ್ ಅದನ್ನು ಅರ್ಥ ಆಗದೆ ಬಾಯಿಪಾಠ ಮಾಡಿದೆ, ಈಗಲೂ ಅದಕ್ಕೆ ಬೇಸರ ಉಂಟು. ಇರುವ ಸಂಪತ್ತಿನಲ್ಲಿ ಎಷ್ಟು ಪಾಲನ್ನು ಬಡ್ಡಿ ಬರದ ರೂಪದಲ್ಲಿ ಇಟ್ಟುಕೊಳ್ಳುದು ಅನ್ನುವುದು ಪ್ರಶ್ನೆ ಅಂತ ಗೊತ್ತಾದ ದಿನ ಎಲ್‌ಎಂ ತಾನಾಗಿ ತೆರೆದುಕೊಂಡಿತು.

"ಹೂಡಿಕೆ"ಯೂ ಹಾಗೇ. ಸೈಟು ತೆಗೊಂಡೆ, ಚಿನ್ನ ತೆಗೊಂಡೆ, ಶೇರು ತೆಗೊಂಡೆ, ಎಲ್ಲದಕ್ಕೂ ಊರಲ್ಲಿ ಹೂಡಿಕೆ ಅಂತಾರೆ. ಐಎಸ್‌ನ ಹೂಡಿಕೆ ಅಂದರೆ ಹೊಸ ಯಂತ್ರ, ಹೊಸ ಕಟ್ಟಡ, ಗೋದಾಮಿನಲ್ಲಿ ಹೆಚ್ಚಿದ ದಾಸ್ತಾನು. ಹಳೆ ಶೇರು ಕೈ ಬದಲಾದರೆ ದೇಶದಲ್ಲಿ ಹೊಸದೇನೂ ನಿರ್ಮಾಣ ಆಗಲಿಲ್ಲ.

ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಇಂಥ ಪದಗಳನ್ನು ಬರೆದು ಪ್ರತಿಯೊಂದರ ಮುಂದೆ "ಯಾವಾಗ ಅಳೆಯುದು" ಅಂತ ಬರೆಯಿರಿ. ಹಣ ಒಂದು ದಿನಾಂಕದಲ್ಲಿ ಇಷ್ಟು, ಆದಾಯ ಒಂದು ವರ್ಷದಲ್ಲಿ ಇಷ್ಟು. ಪರೀಕ್ಷೆಗೆ ಮೊದಲು ನಾನು ಓದ್ತಿದ್ದದ್ದು ಅದೊಂದೇ ಹಾಳೆ.

ಪಿಗ್ಮಿ ಪುಸ್ತಕ · ಮಂಗಳವಾರ, ರಾತ್ರಿ 8.00

ಕೊಣಾಜೆಯವರೆ, ನೀವು ಹೇಳಿದ ದುಡ್ಡಿನ ಮೂರು ಅರ್ಥ ಓದಿ ನನಗೂ ಕಣ್ಣು ತೆರೆಯಿತು. ಸಾಲ ಕೇಳ್ಲಿಕ್ಕೆ ಬಂದವರಿಗೆ ಹತ್ತೆಕರೆ ಅಡಿಕೆ ತೋಟ ಇರ್ತಿತ್ತು, ಖಾತೆಯಲ್ಲಿ ಇನ್ನೂರು ರೂಪಾಯಿ. ಅವರನ್ನು ಬಡವರು ಅಂತ ಯಾರು ಹೇಳ್ತಾರೆ?

ಚಾಕ್‌ಪೀಸ್ · ಮಂಗಳವಾರ, ರಾತ್ರಿ 9.15

ಕಾರ್ಕಳದವರಿಗೆ ಒಂದು ಅಭ್ಯಾಸ. ಮೊದಲಿನ ಅಂಕೆಗಳಿಂದಲೇ ಶುರುಮಾಡಿ. ಸರ್ಕಾರಿ ವೆಚ್ಚ 20 ಏರಿತು, ಅದನ್ನು ಹೊಂದಿಸಲು ತೆರಿಗೆಯನ್ನೂ 20 ಏರಿಸಿದರು. ಆದಾಯ ಎಷ್ಟು? ವಾಕ್ಯದಲ್ಲೂ ಹೇಳಬೇಕು.

ಕಾರ್ಕಳದವಳು · ಮಂಗಳವಾರ, ರಾತ್ರಿ 11.00

1120 ಬಂತು ಮೇಡಂ. ತೆರಿಗೆ 20 ಕೊಟ್ಟವರು ಖರ್ಚನ್ನು 16 ಮಾತ್ರ ಕಡಿಮೆ ಮಾಡ್ತಾರೆ, ಉಳಿದ 4ನ್ನು ಉಳಿತಾಯದಿಂದ ಕೊಡ್ತಾರೆ. ಸರ್ಕಾರ ಪೂರ್ತಿ 20 ಖರ್ಚು ಮಾಡ್ತದೆ. ಹೆಚ್ಚಿದ 4ಕ್ಕೆ ಗುಣಕ 5, ಹಾಗಾಗಿ 20.

ಚಾಕ್‌ಪೀಸ್ · ಮಂಗಳವಾರ, ರಾತ್ರಿ 11.10

ವಾಕ್ಯ ಬಹಳ ಚೆನ್ನಾಗಿದೆ. ನೀವು ಏನನ್ನು ಸ್ಥಿರ ಹಿಡಿದಿರಿ?

ಕಾರ್ಕಳದವಳು · ಬುಧವಾರ, ಬೆಳಿಗ್ಗೆ 7.50

ಬಡ್ಡಿಯನ್ನು ಹಿಡಿದಿದ್ದೆ, ಹಣವನ್ನು ಮರೆತಿದ್ದೆ. ಆದಾಯ 1120 ಆದರೆ ಜನರಿಗೆ ವ್ಯವಹಾರಕ್ಕೆ ಹೆಚ್ಚು ಹಣ ಬೇಕು, ಬಡ್ಡಿ 5ರಲ್ಲೇ ಇರಬೇಕಾದರೆ ರಿಸರ್ವ್ ಬ್ಯಾಂಕ್ 310 ಒದಗಿಸಬೇಕು. 300ರಲ್ಲೇ ನಿಂತರೆ ಜನ ಬಾಂಡ್ ಮಾರ್ತಾರೆ, ಬೆಲೆ ಬೀಳ್ತದೆ, ಬಡ್ಡಿ 5.1 ಆಗ್ತದೆ. ಆದಾಯ 1110. ಸರಿಯಾ ಅಂತ ನೋಡ್ಲಿಕ್ಕೆ ಕೂಡಿಸಿದೆ: ಅನುಭೋಗ 912, ಹೂಡಿಕೆ 28, ಸರ್ಕಾರ 170. 1110 ಬಂತು. ಬಸ್ ಮೂಡುಬಿದಿರೆ ದಾಟುವಷ್ಟರಲ್ಲಿ ಮುಗೀತು, ಚಿತ್ರ ಬಿಡಿಸಲಿಲ್ಲ.